ಮೈಸೂರು ತಳಿ ಹಿಂದುಳಿದ ತಳಿಯಲ್ಲ

ವಾರಾಣಸಿಯ ಪೀಲಿಕೋಠಿ, ಮದನಪುರದ ನೂಲು ವ್ಯಾಪಾರದಲ್ಲಿ ಒಂದು ಮಾತು ಬೇರೂರಿದೆ: ಹಾಸಿಗೆ ಚೀನಾದ ನೂಲು, ಹೊಕ್ಕಿಗೆ ಬೆಂಗಳೂರಿನದು. ಬನಾರಸಿ ಸೀರೆಯ ಹಾಸು ಮಗ್ಗದ ಮೇಲೆ ದಿನಗಟ್ಟಲೆ ಬಿಗಿಯಾಗಿ ನಿಲ್ಲಬೇಕು, ಹಣಿಗೆಯ ಉಜ್ಜಾಟ ತಾಳಬೇಕು. ಎಳೆ ಕಡಿದಾಗಲೆಲ್ಲ ನೇಕಾರನ ಕೈ ನಿಲ್ಲುತ್ತದೆ, ಅವನ ಕೂಲಿಯೂ ನಿಲ್ಲುತ್ತದೆ. ಆದ್ದರಿಂದ ಏಕರೂಪದ ಗಟ್ಟಿ ಎಳೆಯನ್ನು ಅವನು ಕೇಳುವುದು ನ್ಯಾಯ. ಅದರ ಬಗ್ಗೆ ನನ್ನ ತಕರಾರಿಲ್ಲ.

ಈ ಮಾತು ನಮ್ಮ ನಾಡಿಗೆ ಮರಳುವಷ್ಟರಲ್ಲಿ ಬೇರೆಯೇ ರೂಪ ತಾಳುತ್ತದೆ. ಮೈಸೂರು ತಳಿಯ ರೇಷ್ಮೆ ಹುಳು ಹಿಂದುಳಿದದ್ದು, ಅದನ್ನು ದ್ವಿತಳಿಯೊಂದಿಗೆ ಕೂಡಿಸಿದ ಮಿಶ್ರತಳಿ ಅರ್ಧದಾರಿ, ದ್ವಿತಳಿಯೇ (ಬೈವೋಲ್ಟೈನ್) ಗುರಿ ಎಂಬ ತೀರ್ಪು ಹೊರಬೀಳುತ್ತದೆ. ಸಭೆಗಳಲ್ಲಿ, ತರಬೇತಿಗಳಲ್ಲಿ, ಪತ್ರಿಕೆಗಳ ಕೃಷಿ ಪುಟಗಳಲ್ಲಿ ಇದನ್ನು ಸಿದ್ಧಸತ್ಯವೆಂಬಂತೆ ಹೇಳುತ್ತಾರೆ. ನೇಕಾರ ಕೇಳಿದ್ದು ಎಂಥ ನೂಲು ಬೇಕೆಂದು. ನಾವು ಕೊಟ್ಟದ್ದು ಯಾವ ಜೀವಿ ಮೇಲು, ಯಾವುದು ಕೀಳು ಎಂಬ ಉತ್ತರ. ಈ ಉತ್ತರ ಜೀವಶಾಸ್ತ್ರದ ಪ್ರಕಾರ ತಪ್ಪು. ಅದನ್ನು ನಂಬಿ ನಡೆದರೆ ನಾವು ಸುಧಾರಿಸಲು ಹೊರಟ ಉದ್ಯಮದ ಬುಡವನ್ನೇ ಕಳೆದುಕೊಳ್ಳುತ್ತೇವೆ.

ಈ ತೀರ್ಪಿನ ಕೆಳಗೆ ಮೂರು ನಂಬಿಕೆಗಳಿವೆ. ತಳಿಗಳೆಲ್ಲ ಒಂದೇ ಏಣಿಯ ಮೆಟ್ಟಿಲುಗಳು ಎಂಬುದು ಮೊದಲನೆಯದು. ಹಾರ್ಮೋನು ಒಂದು ಸ್ವಿಚ್ಚು, ತಳಿಯಲ್ಲಿ ಇಲ್ಲದ್ದನ್ನು ಸಿಂಪಡಿಸಿ ತುಂಬಬಹುದು ಎಂಬುದು ಎರಡನೆಯದು. ಒಂದು ಗೂಡಿನಿಂದ ಎಷ್ಟು ಮೀಟರ್ ಎಳೆ ಬಂತು ಎಂಬುದೇ ಅಳತೆ, ಬೆಳೆ ಕೈಕೊಟ್ಟರೆ ಅದು ರೈತನ ನಿರ್ವಹಣೆಯ ದೋಷ ಎಂಬುದು ಮೂರನೆಯದು. ಈ ಮೂರಕ್ಕೂ ಉತ್ತರ ಹುಳುವಿನ ರಕ್ತದಲ್ಲೇ ಇದೆ, ಹಾರ್ಮೋನುಗಳನ್ನು ಕಟ್ಟುವ ಮತ್ತು ಕೆಡವುವ ಕಿಣ್ವಗಳಲ್ಲಿ.

ಹುಳು ಯಾವಾಗ ಜ್ವರಕ್ಕೆ (ಪೊರೆ ಕಳಚಲು) ಕೂರಬೇಕು, ಎಷ್ಟು ದಿನ ಸೊಪ್ಪು ತಿನ್ನಬೇಕು, ಯಾವಾಗ ಹಣ್ಣಾಗಿ ಚಂದ್ರಿಕೆ ಏರಬೇಕು ಎಂಬುದೆಲ್ಲ ಎರಡು ಹಾರ್ಮೋನುಗಳ ಸರದಿಯಿಂದ ತೀರ್ಮಾನವಾಗುತ್ತದೆ. ಎಕ್ಡೈಸೋನ್ ಪೊರೆ ಕಳಚಿಸುತ್ತದೆ. ಕಳಚಿದ ಮೇಲೆ ಹುಳುವಾಗಿಯೇ ಉಳಿಯಬೇಕೆ, ಕೋಶವಾಗಬೇಕೆ ಎಂಬುದನ್ನು ಜುವೆನೈಲ್ ಹಾರ್ಮೋನು ನಿರ್ಧರಿಸುತ್ತದೆ. ಅದು ಇದ್ದಷ್ಟು ಕಾಲ ಹುಳು ಹುಳುವೇ. ಜಪಾನಿನ ಫುಕುಡ 1944ರಲ್ಲಿ ರೇಷ್ಮೆ ಹುಳುವಿನ ತಲೆಯೊಳಗಿನ ಕಾರ್ಪೊರಾ ಅಲಾಟ ಗ್ರಂಥಿಗಳನ್ನು ತೆಗೆದು, ಹುಳು ಅವಧಿಗೆ ಮೊದಲೇ ಕೋಶವಾಗುವುದನ್ನು ತೋರಿಸಿದರು. ಹತ್ತು ವರ್ಷದ ನಂತರ, 1954ರಲ್ಲಿ, ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆ ಕೋಶಗಳಿಂದ ಎಕ್ಡೈಸೋನ್ ಬೇರ್ಪಡಿಸಿದಾಗ ಕೈಗೆ ಸಿಕ್ಕಿದ್ದು 25 ಮಿಲಿಗ್ರಾಂ.

ಇಷ್ಟು ಅಲ್ಪ ಪ್ರಮಾಣದ ವಸ್ತು ಇಡೀ ದೇಹಕ್ಕೆ ಅಪ್ಪಣೆ ಕೊಡುವಾಗ ಅದನ್ನು ತಯಾರಿಸುವುದು ಎಷ್ಟು ಮುಖ್ಯವೋ ಸಮಯಕ್ಕೆ ಸರಿಯಾಗಿ ಅಳಿಸುವುದೂ ಅಷ್ಟೇ ಮುಖ್ಯ. ಹುಳುವಿನ ಕೊನೆಯದಾದ ಐದನೇ ಹಂತದಲ್ಲಿ ಗ್ರಂಥಿ ಸ್ರವಿಸುವುದನ್ನು ನಿಲ್ಲಿಸಿದರೆ ಸಾಲದು. ರಕ್ತದಲ್ಲಿ ಉಳಿದದ್ದನ್ನು ಒಡೆದು ಹಾಕಬೇಕು. ಆ ಕೆಲಸ ಜುವೆನೈಲ್ ಹಾರ್ಮೋನ್ ಎಸ್ಟರೇಸ್ ಎಂಬ ಕಿಣ್ವದ್ದು. ಎಪಾಕ್ಸೈಡ್ ಹೈಡ್ರೊಲೇಸ್ ಎಂಬ ಇನ್ನೊಂದು ಕಿಣ್ವ ಜೀವಕೋಶಗಳ ಒಳಗೆ ಅದೇ ಹಾರ್ಮೋನನ್ನು ಬೇರೊಂದು ತುದಿಯಿಂದ ಕೆಡವುತ್ತದೆ. ಹುಳು ಸಾಕುವವರು ಆಯ್ಕೆ ಮಾಡುವುದು ದಪ್ಪ ಗೂಡನ್ನು, ಬೇಗ ಹಣ್ಣಾಗುವ ಹುಳುವನ್ನು. ಅವರ ಕಣ್ಣಿಗೆ ಹಾರ್ಮೋನು ಕಾಣುವುದಿಲ್ಲ. ಆದರೆ ಆ ಆಯ್ಕೆಯ ಭಾರ ಬೀಳುವುದು ಈ ಕಿಣ್ವಗಳ ಮೇಲೆ, ಗ್ರಂಥಿಗಳ ಮೇಲೆ, ಹಾರ್ಮೋನನ್ನು ಗುರುತಿಸುವ ಗ್ರಾಹಕಗಳ ಮೇಲೆ, ಎಲ್ಲದರ ಮೇಲೂ ಒಟ್ಟಿಗೆ. ಒಂದೇ ಫಲಕ್ಕೆ ಹಲವು ದಾರಿಗಳು. ಒಂದು ದಾರಿ ಹಿಡಿದಾಗ ಬೇರೆಲ್ಲೋ ಬೆಲೆ ತೆರಬೇಕು.

ಇದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷಿ ರೇಷ್ಮೆ ಹುಳುವಿನದಲ್ಲ, ಚಿಮ್ಮಂಡೆಯದು. ಅಮೆರಿಕದ ಗ್ರಿಲ್ಲಸ್ ಫರ್ಮಸ್ ಎಂಬ ಚಿಮ್ಮಂಡೆಯಲ್ಲಿ ಎರಡು ಬಗೆಯಿವೆ. ಉದ್ದ ರೆಕ್ಕೆಯದು ಹಾರಬಲ್ಲದು, ಆದರೆ ಅದರ ಅಂಡಾಶಯ ತಡವಾಗಿ ಬೆಳೆಯುತ್ತದೆ. ಗಿಡ್ಡ ರೆಕ್ಕೆಯದು ಹಾರಲಾರದು, ಬೇಗ ಮೊಟ್ಟೆ ಕಟ್ಟುತ್ತದೆ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಂಶೋಧಕರು ಕಿಣ್ವವನ್ನು ಮುಟ್ಟದೆ, ಕೇವಲ ರೆಕ್ಕೆ ನೋಡಿ ತಲೆಮಾರುಗಳವರೆಗೆ ಆರಿಸುತ್ತ ಹೋದರು. ರೆಕ್ಕೆಯ ಜೊತೆಗೆ ಎಸ್ಟರೇಸ್ ಕಿಣ್ವದ ಚಟುವಟಿಕೆಯೂ ಬದಲಾಯಿತು. ನೆಬ್ರಾಸ್ಕದ ಆಂಥೊನಿ ಝೆರಾ ಇನ್ನೊಂದು ಚಿಮ್ಮಂಡೆಯಲ್ಲಿ ನೇರವಾಗಿ ಕಿಣ್ವದ ಚಟುವಟಿಕೆಯನ್ನೇ ಅಳೆದು ಆರಿಸಿದರು. ಕೆಲವೇ ತಲೆಮಾರುಗಳಲ್ಲಿ ಹೆಚ್ಚಿನ ಸಾಲಿಗೂ ಕಡಿಮೆ ಸಾಲಿಗೂ ಹಲವು ಪಟ್ಟು ಅಂತರ ಬಂತು. ಅಂದರೆ ಹಾರ್ಮೋನನ್ನು ಕೆಡವುವ ಶಕ್ತಿಯಲ್ಲಿ ವಂಶಪಾರಂಪರ್ಯವಾದ ವೈವಿಧ್ಯ ಕಾಡಿನ ಚಿಮ್ಮಂಡೆಗಳಲ್ಲಿ ಮೊದಲೇ ತುಂಬಿತ್ತು. ಆಯ್ಕೆ ಅದನ್ನು ಎರಡು ಕಡೆಗೆ ಎಳೆಯಿತು.

ಈ ಎರಡು ರೆಕ್ಕೆಗಳಲ್ಲಿ ಯಾವುದು ಸುಧಾರಿತ, ಯಾವುದು ಹಿಂದುಳಿದದ್ದು? ಕೆರೆ ಬತ್ತಿ ಊರು ಬಿಡಬೇಕಾದಾಗ ಒಂದು ಗೆಲ್ಲುತ್ತದೆ, ನೆಲ ಹಸಿರಾಗಿರುವಾಗ ಇನ್ನೊಂದು ಗೆಲ್ಲುತ್ತದೆ. ಇಲ್ಲಿ ಏಣಿಯೇ ಇಲ್ಲ. ಅದೇ ಝೆರಾ ಅವರ ಮುಂದಿನ ಕೆಲಸ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಉದ್ದ ರೆಕ್ಕೆಯ ಚಿಮ್ಮಂಡೆಯ ರಕ್ತದಲ್ಲಿ ಜುವೆನೈಲ್ ಹಾರ್ಮೋನಿನ ಮಟ್ಟ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಯಾವುದೋ ಒಂದು ಗಳಿಗೆಯಲ್ಲಿ ರಕ್ತ ತೆಗೆದು "ಇದರಲ್ಲಿ ಹೆಚ್ಚು, ಅದರಲ್ಲಿ ಕಡಿಮೆ" ಎಂದು ಬರೆದರೆ ಅದು ಆ ಗಳಿಗೆಯ ಸತ್ಯವಷ್ಟೆ. ಹಾರ್ಮೋನು ಸ್ವಿಚ್ಚು ಎನ್ನುವವರು ಈ ಒಂದು ಸಂಗತಿಯನ್ನಾದರೂ ಎದುರಿಸಬೇಕು.

ನಮ್ಮ ಮನೆಯ ಸಾಕ್ಷಿಗೆ ದೂರ ಹೋಗಬೇಕಾಗಿಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಬಿ.ಎನ್. ಸಿಂಗ್ ಮತ್ತು ಅವರ ಶಿಷ್ಯರು ಡ್ರೊಸೊಫಿಲಾ ಅನನಾಸೆ ಎಂಬ ಹಣ್ಣುನೊಣದ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಬೇಗ ಕೂಡುವ ನೊಣಗಳನ್ನು ಒಂದು ಕಡೆ, ತಡವಾಗಿ ಕೂಡುವವನ್ನು ಇನ್ನೊಂದು ಕಡೆ ಆರಿಸುತ್ತ ಹೋದಾಗ ಎರಡು ಸಾಲುಗಳು ಕವಲೊಡೆದವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಅವರ ತಂಡ ಬೇಗ ಬೆಳೆದು ಬೇಗ ಮೊಟ್ಟೆಯಿಡುವ ನೊಣಗಳನ್ನೇ ತಲೆಮಾರುಗಟ್ಟಲೆ ಆರಿಸಿತು. ಕೇಳಿದ್ದು ಸಿಕ್ಕಿತು, ನೊಣಗಳ ಬೆಳವಣಿಗೆಯ ಅವಧಿ ತಗ್ಗಿತು. ಕೇಳದೆ ಬಂದದ್ದನ್ನೂ ಅದೇ ತಂಡ ಅಳೆದು ಬರೆದಿಟ್ಟಿತು: ಮೈ ಸಣ್ಣದಾಯಿತು, ಮರಿಹುಳುವಿನ ಬೆಳವಣಿಗೆಯ ವೇಗ ಕುಗ್ಗಿತು, ಮೊಟ್ಟೆಯಿಂದ ನೊಣವಾಗುವವರೆಗೆ ಬದುಕುಳಿಯುವ ಪ್ರಮಾಣ ಇಳಿಯಿತು. ಗೆದ್ದ ಗುಣವನ್ನು ಮಾತ್ರ ಹೇಳಿ ನಿಲ್ಲದೆ ತೆತ್ತ ಬೆಲೆಯನ್ನೂ ಅಳೆಯುವ ಈ ಶಿಸ್ತು ಬೆಂಗಳೂರಿನ ನೊಣದ ಪ್ರಯೋಗಾಲಯದಲ್ಲಿದೆ. ರೇಷ್ಮೆ ತಳಿಗಳ ಪ್ರಚಾರದಲ್ಲಿ ಇಲ್ಲ.

ಈಗ ಮೈಸೂರು ತಳಿಯತ್ತ ಬರೋಣ. ಅದರ ಗೂಡು ಸಣ್ಣದು, ಹಸಿರು ಬೆರೆತ ಹಳದಿ. ಎಳೆ ಸುಮಾರು 350ರಿಂದ 400 ಮೀಟರ್. ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರ್ ಸಿಗುತ್ತದೆ. ಮೈಸೂರು ತಳಿ ಹಣ್ಣಾಗಲು ಕೆಲವು ದಿನ ಹೆಚ್ಚೇ ಬೇಕು. ಈ ಅಂಕಿಗಳು ನಿಜ, ಎದುರು ವಾದಿಗಳ ಪೂರ್ಣ ಬಲವೂ ಇವೇ. ಆದರೆ ಈ ಅಂಕಿಗಳನ್ನು ಅಳೆದದ್ದು ಯಾವ ಹವೆಯಲ್ಲಿ, ಯಾವ ಸೊಪ್ಪಿನಲ್ಲಿ? ಬೆಳೆದ ದ್ವಿತಳಿ ಹುಳುವಿಗೆ 23–24 ಡಿಗ್ರಿ ಉಷ್ಣತೆ, ನೀರುಂಡ ತೋಟದ ಒಳ್ಳೆಯ ಹಿಪ್ಪುನೇರಳೆ ಸೊಪ್ಪು, ಸೋಂಕು ತೊಳೆದ ಪ್ರತ್ಯೇಕ ಮನೆ ಬೇಕು. ಮೈಸೂರು ತಳಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಮಳೆಯಾಶ್ರಿತ ಹೊಲದ ನಾಟಿ ಕಡ್ಡಿಯ ಸೊಪ್ಪು ತಿಂದು, ವಾಸದ ಮನೆಯ ಮೂಲೆಯ ತಟ್ಟೆಗಳಲ್ಲಿ, ಏಪ್ರಿಲ್‌ನ ಸೆಖೆಯಲ್ಲಿ ಬೆಳೆದು ಬಂದಿದೆ. ಅದನ್ನು ಆರಿಸಿದವರು ಕುಣಿಗಲ್, ಮಾಗಡಿ ಕಡೆಯ ರೈತರು. ಅವರ ಅಳತೆ ಒಂದೇ: ಈ ಬೆಳೆ ಕೈಗೆ ಬರಬೇಕು, ಮುಂದಿನ ಬೆಳೆಗೆ ಬಿತ್ತನೆ ಉಳಿಯಬೇಕು. ಕಡಿಮೆ ಸೊಪ್ಪಿನಲ್ಲಿ ನಿಧಾನವಾಗಿ ಬೆಳೆದು, ತಡೆದು ಹಣ್ಣಾಗುವುದು ಆ ಅಳತೆಗೆ ಸಿಕ್ಕ ಉತ್ತರ. ಅದನ್ನು ದೋಷವೆಂದು ಕರೆಯುವವರು ಪ್ರಶ್ನೆಯನ್ನೇ ಬದಲಿಸಿ ಉತ್ತರ ತಪ್ಪೆನ್ನುತ್ತಿದ್ದಾರೆ.

ಮೊಟ್ಟೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ದ್ವಿತಳಿ ಮೊಟ್ಟೆ ಚಳಿಗಾಲ ಕಳೆಯಲು ಸುಪ್ತಾವಸ್ಥೆಗೆ ಹೋಗುತ್ತದೆ. ತಾಯಿ ಕೋಶದಲ್ಲಿರುವಾಗಲೇ ಅವಳ ನರಗ್ರಂಥಿಯಿಂದ ಸುಪ್ತಿ ಹಾರ್ಮೋನು ಹೊರಬಿದ್ದು ಅಂಡಾಶಯ ತಲುಪುತ್ತದೆ. ಅಲ್ಲಿ ಟ್ರೆಹಲೇಸ್ ಎಂಬ ಕಿಣ್ವದ ಚಟುವಟಿಕೆ ಏರುತ್ತದೆ, ರಕ್ತದ ಸಕ್ಕರೆ ಮೊಟ್ಟೆಯೊಳಗೆ ಗ್ಲೈಕೋಜನ್ ಆಗಿ ಸೇರುತ್ತದೆ. ಮೊಟ್ಟೆ ಸುಪ್ತಿಗೆ ಹೋದಾಗ ಆ ಗ್ಲೈಕೋಜನ್ ಸಾರ್ಬಿಟಾಲ್ ಆಗಿ, ಗ್ಲಿಸರಾಲ್ ಆಗಿ ಮಾರ್ಪಟ್ಟು ಹಿಮದಿಂದ ಭ್ರೂಣವನ್ನು ಕಾಯುತ್ತದೆ. ಉತ್ತರ ಚೀನಾದ, ಜಪಾನಿನ ಚಳಿಗೆ ಇದು ಅದ್ಭುತ ಸಿದ್ಧತೆ. ಮಂಡ್ಯಕ್ಕೆ, ಚನ್ನಪಟ್ಟಣಕ್ಕೆ ಇದರ ಅಗತ್ಯವೇ ಇಲ್ಲ. ಇಲ್ಲಿ ಈ ಮೊಟ್ಟೆಯನ್ನು ಒಡೆಯಿಸಲು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದ್ದಬೇಕು, ಇಲ್ಲವೇ ತಿಂಗಳುಗಟ್ಟಲೆ ಶೀತಾಗಾರದಲ್ಲಿಟ್ಟು ಹೊರತೆಗೆಯಬೇಕು. ಮೈಸೂರು ತಳಿಯ ಮೊಟ್ಟೆ ಇದಾವುದನ್ನೂ ಕೇಳದೆ ಸುಮಾರು ಹತ್ತು ದಿನಕ್ಕೆ ಒಡೆಯುತ್ತದೆ.

ಏಣಿಯ ವಾದ ಕುಸಿಯುವುದು ಇಲ್ಲೇ. ಮೊಟ್ಟೆ ಸುಪ್ತಿಗೆ ಹೋಗಬೇಕೆ ಬೇಡವೆ ಎಂಬುದು ತಾಯಿಯ ಹಾರ್ಮೋನಿನ ತೀರ್ಮಾನ. ತಂದೆಗೆ ಅದರಲ್ಲಿ ಪಾತ್ರವಿಲ್ಲ. ಆದ್ದರಿಂದಲೇ ಕರ್ನಾಟಕದ ಮಿಶ್ರತಳಿಯಲ್ಲಿ ಹೆಣ್ಣು ಮೈಸೂರು ತಳಿ, ಗಂಡು ದ್ವಿತಳಿ. ಕೋಲಾರ್ ಗೋಲ್ಡ್ ಎಂದು ಹೆಸರಾದ ಮಿಶ್ರತಳಿಯೂ ಮೈಸೂರು ಹೆಣ್ಣು ಮತ್ತು ಸಿಎಸ್‌ಆರ್2 ಎಂಬ ದ್ವಿತಳಿ ಗಂಡಿನ ಸಂಕರ. ತಾಯಿ ಮೈಸೂರು ತಳಿಯವಳಾದ್ದರಿಂದ ಮೊಟ್ಟೆ ನಿಲ್ಲದೆ ಒಡೆಯುತ್ತದೆ, ರೈತ ವರ್ಷವಿಡೀ ಬೆಳೆ ಇಡಬಹುದು. ಜೋಡಿಯನ್ನು ತಿರುಗಿಸಿದರೆ ಮೊಟ್ಟೆ ಸುಪ್ತಿಗೆ ಹೋಗುತ್ತದೆ. ಮಿಶ್ರತಳಿ ಗೂಡು ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ತಿಂಗಳು ತಪ್ಪದೆ ಬರುತ್ತಿರುವುದು, ಅದರ ನೂಲು ಲಾರಿ ಏರಿ ವಾರಾಣಸಿ ತಲುಪುತ್ತಿರುವುದು ಹಿಂದುಳಿದದ್ದೆಂದು ನಾವು ಕರೆಯುವ ಆ ತಾಯಿಯ ಶರೀರಧರ್ಮದ ಮೇಲೆ. ಏಣಿಯ ಕೆಳಗಿನ ಮೆಟ್ಟಿಲನ್ನು ಕಿತ್ತರೆ ಮೇಲಿನದು ಉಳಿಯುತ್ತದೆಂದು ನಂಬುವುದು ತಳಿಶಾಸ್ತ್ರದ ಮೊದಲ ಪಾಠವನ್ನೇ ಮರೆತಂತೆ.

ಹಿಂದಿನವರು ಇದನ್ನು ಅರಿತಿದ್ದರು. 1959ರ ರೇಷ್ಮೆ ಬಿತ್ತನೆ ಮತ್ತು ಗೂಡು ನಿಯಂತ್ರಣ ಕಾನೂನು ಬಿತ್ತನೆ ಪ್ರದೇಶಗಳನ್ನು ಬೇರೆಯಾಗಿ ಕಾಯುವ ವ್ಯವಸ್ಥೆ ಮಾಡಿತು. ಮೈಸೂರು ತಳಿಯನ್ನು ಬೆರಕೆಯಾಗದಂತೆ ಉಳಿಸುವ ರೈತ ಹೆಚ್ಚು ಇಳುವರಿಯ ಆಸೆ ಬಿಟ್ಟು ನಾಡಿಗೆ ಬಿತ್ತನೆ ಒದಗಿಸುತ್ತಾನೆ. ಅವನ ಮಗನ ಮುಂದೆ "ನಿಮ್ಮ ತಳಿ ಹಳೆಯದು, ಮುಂದೆ ಇದಕ್ಕೆ ಬೆಲೆಯಿಲ್ಲ" ಎಂದು ಹೇಳುತ್ತ ಹೋದರೆ ಆ ಮನೆಯಲ್ಲಿ ತಟ್ಟೆ ಏಳುವುದಿಲ್ಲ. ತಳಿಯೊಂದು ಅಳಿಯಲು ಯಾರೂ ಅದನ್ನು ಕೊಲ್ಲಬೇಕಾಗಿಲ್ಲ, ಸಾಕುವವರ ಮನಸ್ಸು ಮುರಿದರೆ ಸಾಕು.

ಎರಡನೆಯ ನಂಬಿಕೆ, ಸಿಂಪಡಣೆಯದು. ಐದನೇ ಹಂತದ ಆರಂಭದಲ್ಲಿ ಜುವೆನೈಲ್ ಹಾರ್ಮೋನಿನಂಥ ಮೆಥೊಪ್ರೀನನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಹುಳು ಇನ್ನಷ್ಟು ಹೊತ್ತು ತಿಂದು ಭಾರದ ಗೂಡು ಕಟ್ಟುತ್ತದೆ. ಕೊನೆಯಲ್ಲಿ ಸಸ್ಯಗಳಿಂದ ತೆಗೆದ ಎಕ್ಡೈಸೋನ್ ಬಗೆಯ ವಸ್ತುವನ್ನು ಸೊಪ್ಪಿಗೆ ಸಿಂಪಡಿಸಿದರೆ ಹುಳುಗಳು ಒಟ್ಟಿಗೆ ಹಣ್ಣಾಗುತ್ತವೆ, ಆಳಿನ ಖರ್ಚು ಉಳಿಯುತ್ತದೆ. ಎರಡೂ ಉಪಯುಕ್ತ. ಆದರೆ ಇವು ಫಲ ಕೊಡುವುದು ಹುಳುವಿನ ಸ್ವಂತ ಕಿಣ್ವಗಳ ವೇಳಾಪಟ್ಟಿ ಸರಿಯಿದ್ದಾಗ ಮಾತ್ರ. ಪ್ರಮಾಣ ತಪ್ಪಿದರೆ, ಗಳಿಗೆ ತಪ್ಪಿದರೆ ಹುಳು ತಿನ್ನುತ್ತಲೇ ಉಳಿದು ಗೂಡು ಕಟ್ಟದೆ ಸಾಯುತ್ತದೆ. ಉತ್ತರ ಇಟಲಿಯಲ್ಲಿ ಹಣ್ಣಿನ ತೋಟಗಳಿಗೆ ಬಳಸಿದ ಫೆನಾಕ್ಸಿಕಾರ್ಬ್ ಎಂಬ ಇದೇ ಜಾತಿಯ ಕೀಟನಾಶಕ ಗಾಳಿಯಲ್ಲಿ ಹಿಪ್ಪುನೇರಳೆ ಸೊಪ್ಪಿಗೆ ಸೋಕಿ, ಗೂಡು ಕಟ್ಟದ ಹುಳುಗಳಿಂದ ಅಲ್ಲಿನ ರೇಷ್ಮೆ ಕೃಷಿ ತತ್ತರಿಸಿತು.

ಇಲ್ಲಿ ಎದುರು ವಾದವೊಂದು ಬರುತ್ತದೆ. ಜಪಾನಿನ ವಿಜ್ಞಾನಿಗಳು 2012ರಲ್ಲಿ ರೇಷ್ಮೆ ಹುಳುವಿನ ಒಂದು ವಿಕೃತ ಸಾಲಿನ ಗುಟ್ಟು ಬಿಡಿಸಿದರು. ಸಿವೈಪಿ15ಸಿ1 ಎಂಬ ಒಂದೇ ಕಿಣ್ವ ಕೆಟ್ಟದ್ದರಿಂದ ಜುವೆನೈಲ್ ಹಾರ್ಮೋನು ಪೂರ್ಣವಾಗದೆ, ನಾಲ್ಕು ಜ್ವರ ಕಾಣಬೇಕಾದ ಹುಳು ಅವಧಿಗೆ ಮೊದಲೇ ಪುಟ್ಟ ಗೂಡು ಕಟ್ಟುತ್ತದೆ. ಒಂದೇ ಕಿಣ್ವ ಇಷ್ಟು ಮಾಡುವುದಾದರೆ ಅದು ಸ್ವಿಚ್ಚಲ್ಲವೆ ಎಂದು ಕೇಳುತ್ತಾರೆ. ಅಲ್ಲ. ಗಡಿಯಾರದ ಒಂದು ಹಲ್ಲು ಮುರಿದರೆ ಗಡಿಯಾರ ಕೆಡುತ್ತದೆ. ಅದರಿಂದ ಆ ಒಂದು ಹಲ್ಲನ್ನು ದೊಡ್ಡದು ಮಾಡಿದರೆ ಗಡಿಯಾರ ಸುಧಾರಿಸುತ್ತದೆಂದು ಸಿದ್ಧವಾಗುವುದಿಲ್ಲ. ಕೆಡಿಸಲು ಒಂದು ಕಿಣ್ವ ಸಾಕು. ಬೆಳೆ ಕೈಗೆ ಬರಲು ಎಲ್ಲವೂ ಒಂದಕ್ಕೊಂದು ಹೊಂದಿರಬೇಕು, ಆ ಹೊಂದಾಣಿಕೆ ತಲೆಮಾರುಗಳ ಆಯ್ಕೆಯಿಂದಲೇ ಬರುವಂಥದ್ದು.

ಹುಳುವಿನ ಶತ್ರುಗಳಿಗೂ ಈ ಹೊಂದಾಣಿಕೆಯ ಬೆಲೆ ಗೊತ್ತು. ಬಾಕ್ಯುಲೋವೈರಸ್‌ಗಳಲ್ಲಿ ಎಕ್ಡೈಸೋನ್ ಜಾತಿಯ ಹಾರ್ಮೋನಿಗೆ ಸಕ್ಕರೆಯ ಅಣು ಅಂಟಿಸಿ ಅದನ್ನು ನಿಷ್ಕ್ರಿಯಗೊಳಿಸುವ ಕಿಣ್ವವಿದೆ ಎಂದು ಅಮೆರಿಕದ ಓ'ರೈಲಿ ಮತ್ತು ಮಿಲ್ಲರ್ 1989ರಲ್ಲಿ ತೋರಿಸಿದರು. ಹಾಲುತೊಂಡೆ ರೋಗದ ವೈರಸ್ಸೂ ಅದೇ ವಂಶದ್ದು, ಆ ಕಿಣ್ವ ಅದರಲ್ಲೂ ಇದೆ. ರೋಗ ತಗುಲಿದ ಹುಳು ಜ್ವರಕ್ಕೆ ಕೂರದೆ, ಮೈ ಊದಿಸಿಕೊಂಡು ತಟ್ಟೆಯ ಅಂಚಿನಲ್ಲಿ ಅಲೆಯುವುದನ್ನು ಸಾಕುವವರೆಲ್ಲ ಕಂಡಿದ್ದಾರೆ. ರೋಗ, ಸೆಖೆ, ಸೊಪ್ಪಿನ ಕೊರತೆ ಮೂರೂ ಹಾರ್ಮೋನಿನ ಗಡುವಿನ ಮೇಲೆಯೇ ಒತ್ತಡ ಹಾಕುತ್ತವೆ. ಗಡುವನ್ನು ಎಳೆಯ ಉದ್ದಕ್ಕಾಗಿ ಮಾತ್ರ ಬಿಗಿದ ತಳಿಯಲ್ಲಿ ಈ ಒತ್ತಡಕ್ಕೆ ಬಗ್ಗುವ ಜಾಗ ಕಡಿಮೆ. ಹಾಗಿರುವಾಗ, ಮೂರನೆಯ ನಂಬಿಕೆ ಹೇಳುವಂತೆ, ಬೇಸಗೆಯಲ್ಲಿ ದ್ವಿತಳಿ ಬೆಳೆ ಸೋತರೆ ಸಾಲ ಮಾಡಿ ಹುಳುಮನೆ ಕಟ್ಟಿದ ರೈತನನ್ನೇ ಹೊಣೆಗಾರನನ್ನಾಗಿ ಮಾಡುವುದು ಅನ್ಯಾಯ. ಜೀವಿಯ ಮಿತಿಯನ್ನು ಅವನ ಸೋಮಾರಿತನವೆಂದು ಬರೆಯುವ ಹಕ್ಕು ಯಾರಿಗೂ ಇಲ್ಲ.

ದ್ವಿತಳಿ ಬೇಡವೆಂದು ನಾನು ಹೇಳುತ್ತಿಲ್ಲ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಸಿಎಸ್‌ಆರ್ ತಳಿಗಳು ದೊಡ್ಡ ಸಾಧನೆ. ಸ್ವಯಂಚಾಲಿತ ಯಂತ್ರದಲ್ಲಿ ನೂಲು ಬಿಚ್ಚಲು, ಬನಾರಸಿನ ಹಾಸಿಗೆ ನೂಲು ಕೊಡಲು, ಆಮದು ತಗ್ಗಿಸಲು ಅವು ಬೇಕು. ಆದರೆ ಅದೇ ಸಂಸ್ಥೆಯ ಅನುಭವ ಏನು ಹೇಳುತ್ತದೆಂದು ಗಮನಿಸಬೇಕು. ಸಿಎಸ್‌ಆರ್2 × ಸಿಎಸ್‌ಆರ್4 ಹೆಚ್ಚು ಇಳುವರಿಯ ಜೋಡಿ. ಸೆಖೆ ತಾಳಲೆಂದು ಬೇರೆಯಾಗಿ ಸಿಎಸ್‌ಆರ್18 × ಸಿಎಸ್‌ಆರ್19 ರೂಪಿಸಬೇಕಾಯಿತು, ಅದಕ್ಕಾಗಿ ಗೂಡಿನ ಗುಣದಲ್ಲಿ ಒಂದಿಷ್ಟು ಬಿಟ್ಟುಕೊಡಬೇಕಾಯಿತು. ಗಟ್ಟಿತನಕ್ಕೂ ಇಳುವರಿಗೂ ನಡುವಿನ ಈ ಕೊಡುಕೊಳೆ ದ್ವಿತಳಿಯ ಮನೆಯೊಳಗೇ ಇದೆ. ಮೈಸೂರು ತಳಿ ಅದೇ ಕೊಡುಕೊಳೆಯ ಇನ್ನೊಂದು ತುದಿ.

ಹಾಗಾದರೆ ಮಾಡಬೇಕಾದ್ದೇನು? ತಳಿಯೊಂದನ್ನು ಶಿಫಾರಸು ಮಾಡುವಾಗ ಎಳೆಯ ಉದ್ದದ ಪಕ್ಕದಲ್ಲೇ ಬೇಸಗೆಯಲ್ಲಿ, ಸಾಧಾರಣ ಸೊಪ್ಪಿನಲ್ಲಿ, ರೈತರ ಮನೆಗಳಲ್ಲಿ ಎಷ್ಟು ಬೆಳೆ ಸೋತವು ಎಂಬ ಅಂಕಿಯನ್ನೂ ಅಚ್ಚು ಹಾಕಬೇಕು. ಮೈಸೂರು ತಳಿಯ ಬಿತ್ತನೆ ಗೂಡಿಗೆ ಕೊಡುವ ಬೆಲೆ, ಹೆಚ್ಚು ಇಳುವರಿಯನ್ನು ಬಿಟ್ಟುಕೊಟ್ಟದ್ದಕ್ಕೆ ತಕ್ಕ ಪ್ರತಿಫಲವಾಗಿರಬೇಕು. ಬಿತ್ತನೆ ಪ್ರದೇಶಗಳನ್ನು ಬಡಾವಣೆಗೂ ಬೆರಕೆಗೂ ಬಿಟ್ಟುಕೊಡಬಾರದು. ವಿಶ್ವವಿದ್ಯಾಲಯಗಳು ಈ ತಳಿಯ ಹಾರ್ಮೋನು, ಕಿಣ್ವಗಳನ್ನು ದಿನದ ಎಲ್ಲ ಹೊತ್ತಿನಲ್ಲಿ, ರೈತರ ಹುಳುಮನೆಯ ಉಷ್ಣತೆಯಲ್ಲೇ ಅಳೆಯಬೇಕು. ಹವೆ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಮುಂದಿನ ತಳಿ ಕಟ್ಟಲು ಬೇಕಾದ ವೈವಿಧ್ಯ ಅಲ್ಲಿದೆ. ಚಿಮ್ಮಂಡೆ, ಹಣ್ಣುನೊಣಗಳ ಪ್ರಯೋಗಗಳೆಲ್ಲ ಸಾರಿದ ಸತ್ಯವೂ ಇದೇ: ಆಯ್ಕೆಗೆ ಬೇಕಾದ ಸಾಮಗ್ರಿ ಜೀವಿಗಳಲ್ಲಿ ಮೊದಲೇ ಇರಬೇಕು. ಅದನ್ನು ಕಳೆದುಕೊಂಡ ಮೇಲೆ ಎಂಥ ಜಾಣ ತಳಿಗಾರನ ಕೈಯೂ ಬರಿದು.

ಬನಾರಸಿನ ನೇಕಾರನಿಗೆ ಒಳ್ಳೆಯ ಹಾಸು ಕೊಡುವುದು ನಮ್ಮ ಕರ್ತವ್ಯ. ಆ ಹಾಸಿಗಾಗಿ ಮೈಸೂರು ತಳಿಯ ತಾಯಿಯನ್ನು ಬಲಿಕೊಟ್ಟರೆ ಇಂದು ಅವನಿಗೆ ಸಿಗುತ್ತಿರುವ ಹೊಕ್ಕೂ ನಾಳೆ ಸಿಗದು. ದ್ವಿತಳಿಯನ್ನು ಬೆಳೆಸೋಣ, ಮಿಶ್ರತಳಿಯನ್ನು ಬಲಪಡಿಸೋಣ. ಈ ಎರಡಕ್ಕೂ ಮೊದಲು ಮೈಸೂರು ತಳಿಯನ್ನು ಹಿಂದುಳಿದದ್ದೆಂದು ಕರೆಯುವುದನ್ನು ನಿಲ್ಲಿಸಿ, ಅದನ್ನು ಸಾಕುವ ರೈತನಿಗೆ ಅವನ ಕೆಲಸದ ಬೆಲೆ ಕೊಡೋಣ.